ದಕ್ಷಿಣ ಬೆಂಗಳೂರಿನಲ್ಲಿ ಕಂಡ ಬ್ರಿಟನ್

ಬ್ರಿಟಿಷರ ಗುರುತು ನೋಡಬೇಕು ಎಂದು ಬೆಂಗಳೂರಿಗೆ ಬಂದ ನೆಂಟರನ್ನು ನಾವೆಲ್ಲ ದಂಡು ಪ್ರದೇಶಕ್ಕೇ ಕರೆದುಕೊಂಡು ಹೋಗುತ್ತೇವೆ. ಕಬ್ಬನ್ ಪಾರ್ಕು, ಎಂ.ಜಿ. ರಸ್ತೆ, ಹಳೆಯ ಚರ್ಚುಗಳು, ಹೆಂಚಿನ ಬಂಗಲೆಗಳು. ಊರಿನ ದಕ್ಷಿಣಕ್ಕೆ ಯಾರೂ ತಿರುಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ದಂಡು ಪ್ರದೇಶ ಬ್ರಿಟಿಷರ ನೇರ ಆಡಳಿತದಲ್ಲಿದ್ದು, 1947ರ ಜುಲೈನಲ್ಲಷ್ಟೇ ಮೈಸೂರು ಸಂಸ್ಥಾನಕ್ಕೆ ಮರಳಿತು. ಇವತ್ತಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಾದರೋ ಎದ್ದದ್ದು ಮಹಾರಾಜರ ಸೀಮೆಯ ಹಳ್ಳಿಗಳ ಹೊಲ, ತೋಪು, ಕೆರೆಯಂಗಳಗಳ ಮೇಲೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಸೇರಿಯೇ ಬಿಟಿಎಂ ಆಗಿದೆ.

ಹಾಗಿದ್ದೂ ಬ್ರಿಟನ್ನಿನ ಚರಿತ್ರೆ, ಅಲ್ಲಿನ ಸಮಾಜ, ಅಲ್ಲಿನ ರಾಜ್ಯಪದ್ಧತಿಯನ್ನು ಕಣ್ಣಾರೆ ಕಂಡು ಅರಿಯುವುದಕ್ಕೆ ಈ ನಾಲ್ಕು ಬಡಾವಣೆಗಳಷ್ಟು ಒಳ್ಳೆಯ ಜಾಗ ನನಗೆ ಇನ್ನೊಂದು ಸಿಕ್ಕಿಲ್ಲ. ಇದು ದಂಡು ಪ್ರದೇಶದ ಹಾಗೆ ಬ್ರಿಟಿಷರ ನೆಲವಾಗಿರಲಿಲ್ಲ ನಿಜ. ಆದರೆ ಅವರ ಅಳತೆ, ಅವರ ಕಬ್ಬಿಣ, ಅವರ ಸಭೆಯ ನಡಾವಳಿ, ಅವರ ನ್ಯಾಯಾಲಯದ ರಿಟ್ ಅರ್ಜಿ, ಎಲ್ಲವೂ ಒಂದೊಂದಾಗಿ ಇಲ್ಲಿಗೆ ಬಂದಿವೆ. ಬಂದದ್ದನ್ನು ನಮ್ಮವರು ಏನು ಮಾಡಿದರು ಎಂಬುದೇ ನನ್ನನ್ನು ಬೆರಗುಗೊಳಿಸುವ ಸಂಗತಿ. ಮೆಟ್ರೊದ ಹಳದಿ ಮತ್ತು ಹಸಿರು ಮಾರ್ಗ, ಜೊತೆಗೆ ನಡೆಯುವ ಉಮೇದು, ಇಷ್ಟಿದ್ದರೆ ಒಂದು ದಿನದಲ್ಲಿ ನೋಡಿ ಬರಬಹುದು.

ಅಗರದ ಕೆರೆ ಏರಿಯಿಂದ

ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೊರವರ್ತುಲ ರಸ್ತೆಯಲ್ಲಿ ಮುಂದೆ ಹೋದರೆ ಅಗರ. ಬಿಟಿಎಂ ಬಡಾವಣೆಗೆ ನೆರೆಯ ಹಳೆಯ ಊರು. ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ವಾಕಿಂಗ್ ಬಂದವರ ಸಾಲು. ನೀರಿನ ನಡುವಿನ ಕೊಂಬೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿರುತ್ತವೆ. ರಸ್ತೆಯ ಗದ್ದಲ ಅಲ್ಲಿಗೂ ಕೇಳಿಸುತ್ತದೆ.

1800ನೇ ಇಸವಿಯ ಅಕ್ಟೋಬರ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಈ ಸೀಮೆಗೆ ಒಂದು ಉಕ್ಕಿನ ಸರಪಳಿಯೊಂದಿಗೆ ಬಂದ. ಅದರ ಹಿಂದಿನ ವರ್ಷ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದಿದ್ದ. ಲ್ಯಾಂಬ್ಟನ್ ಆ ಯುದ್ಧದಲ್ಲಿ ಹೋರಾಡಿದವನೇ. ಅಗರದ ಬಳಿಯಿಂದ ಬಾಣಸವಾಡಿಯ ಕಡೆಗೆ ಏಳು ಮೈಲಿಗೂ ಮಿಕ್ಕಿದ ನೇರ ಗೆರೆಯೊಂದನ್ನು ಅವನು ಅಳೆಸಿದ. 100 ಅಡಿಯ ಸರಪಳಿ. ಎರಡೂವರೆ ಅಡಿಯ 40 ಕೊಂಡಿಗಳು. ಬಿಸಿಲಿಗೆ ಉಕ್ಕು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ಕೆಡುತ್ತದೆ ಎಂದು ಉಷ್ಣತೆಯನ್ನೂ ಬರೆದುಕೊಳ್ಳುತ್ತ, ಡಿಸೆಂಬರ್ ತನಕ ಅಳತೆ ನಡೆಯಿತು. ಆ ಸರಪಳಿಗೇ ಒಂದು ಕಥೆ ಇದೆ. ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ತಂಡ ಒಯ್ದಿದ್ದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ನನ ಕೈ ಸೇರಿತು. ಅವನಿಗಾಗಿ ಇಂಗ್ಲೆಂಡಿನಿಂದ ಹೊರಟ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಫ್ರೆಂಚರ ಯುದ್ಧನೌಕೆ ಹಿಡಿದು ಮಾರಿಷಸ್‌ಗೆ ಒಯ್ದಿತು. ಅದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಗೌರವದಿಂದ ಮದ್ರಾಸಿಗೆ ಕಳಿಸಿಕೊಟ್ಟ. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೆ ಮುಂದೆ ಹಿಮಾಲಯದ ತಪ್ಪಲು ಮುಟ್ಟಿ, ಎವರೆಸ್ಟ್ ಶಿಖರದ ಎತ್ತರವನ್ನು ಲೆಕ್ಕ ಹಾಕಿತು. ಆ ಮಹಾಯಾನದ ಮೊದಲ ತಾಲೀಮು ನಮ್ಮ ಅಗರದ ಬಯಲಿನಲ್ಲಿ ನಡೆಯಿತು ಎಂದು ನೆನೆದಾಗ ಏರಿಯ ಮಣ್ಣನ್ನು ಮುಟ್ಟಿ ನೋಡಬೇಕೆನಿಸಿತು.

ಅಳೆಯಲು ಬಂದವರು ಯಾರು ಎಂಬುದನ್ನು ಇಲ್ಲಿ ನಿಂತು ಯೋಚಿಸಬೇಕು. ಅದು ಒಂದು ದೇಶವಲ್ಲ, ವ್ಯಾಪಾರಿ ಕಂಪನಿ. 1600ರ ಡಿಸೆಂಬರ್ 31ರಂದು ಒಂದನೇ ಎಲಿಜಬೆತ್ ರಾಣಿ ಕೊಟ್ಟ ಸನ್ನದು ಹಿಡಿದು ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ ಲಾಭಕ್ಕಾಗಿ ಬಂದು ರಾಜ್ಯ ಕಟ್ಟಿತು. ಕಂಪನಿಯ ಮೂಗುದಾರ ಹಿಡಿಯಲು ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲೊಂದು, 1784ರಲ್ಲೊಂದು ಕಾಯ್ದೆ ಮಾಡಿತು. 1857ರ ದಂಗೆಯ ಮರುವರ್ಷ ಆಡಳಿತ ರಾಣಿಯ ಹೆಸರಿಗೆ ಹೋಯಿತು. ಅಳತೆಯ ಹಿಂದೆ ಜ್ಞಾನದ ಹಸಿವಿತ್ತು, ಕಂದಾಯದ ಹಸಿವೂ ಇತ್ತು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಿತ್ತು; ಅದನ್ನು ಆಮೇಲೆ 35 ಲಕ್ಷಕ್ಕೆ ಏರಿಸಿದರು. 1831ರಿಂದ 1881ರ ತನಕ ಸಂಸ್ಥಾನವನ್ನು ಆಳಿದ್ದು ಬ್ರಿಟಿಷ್ ಕಮಿಷನರುಗಳೇ. ಆ ಅವಧಿಯ ಕೊನೆಯಲ್ಲಿ 1876–78ರ ಮಹಾ ಕ್ಷಾಮ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಬೆರಗಿನ ಜೊತೆಗೆ ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಕ್ಕೆ ಹೊರಟೆ.

ಗ್ಲಾಸ್ಗೋದಿಂದ ಬಂದ ಗಾಜಿನಮನೆ

ಬಿಟಿಎಂ ನಿಲ್ದಾಣದಿಂದ ಹಳದಿ ಮಾರ್ಗದ ರೈಲು ಹತ್ತಿದರೆ ಮಾರೇನಹಳ್ಳಿ ರಸ್ತೆಯ ಮೇಲೆ ತೇಲಿದ ಹಾಗೆ ಸಾಗುತ್ತದೆ. ಕೆಳಗೊಂದು ರಸ್ತೆ, ಅದರ ಮೇಲೊಂದು ರಸ್ತೆ, ಎಲ್ಲಕ್ಕೂ ಮೇಲೆ ರೈಲು. ಜಗತ್ತಿನ ಮೊದಲ ನಗರ ಸುರಂಗ ರೈಲು ಲಂಡನ್ನಿನಲ್ಲಿ 1863ರ ಜನವರಿಯಲ್ಲಿ ಓಡಿತು, ಉಗಿಬಂಡಿಯ ಹೊಗೆಯೊಳಗೆ. ಈ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್‌ನಲ್ಲಿ ಇಳಿದೆ.

ಲಾಲ್‌ಬಾಗ್‌ನ ಬಂಡೆ ಹತ್ತಿದರೆ ದಕ್ಷಿಣ ಬೆಂಗಳೂರು ಇಡಿಯಾಗಿ ಕಾಣುತ್ತದೆ. ಕಾಲ ಕೆಳಗಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದಕ್ಕೆ ಪೆನಿನ್ಸುಲಾರ್ ನೈಸ್ ಎಂದು 1916ರಲ್ಲಿ ಹೆಸರಿಟ್ಟವನು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಕೆಳಗೆ ಹೈದರಾಲಿ 1760ರಲ್ಲಿ ಹಾಕಿಸಿದ ತೋಟ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರ ತನಕ ಅದನ್ನು ನೋಡಿಕೊಂಡ ಜಾನ್ ಕ್ಯಾಮೆರಾನ್ ಬೆಂಗಳೂರಿಗೆ ಸೀಮೆಬದನೆಯನ್ನು ಪರಿಚಯಿಸಿದವನು ಎಂದು ಹೆಸರಾಗಿದ್ದಾನೆ. ನಮ್ಮ ಮನೆಗಳ ಕೂಟಿನ ಪಾತ್ರೆಗೆ ಬ್ರಿಟಿಷ್ ಚರಿತ್ರೆ ಬಂದದ್ದು ಹೀಗೆ.

ಗಾಜಿನಮನೆಯ ಅಸ್ತಿವಾರದ ಕಲ್ಲನ್ನು 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಇಟ್ಟ. ಕಬ್ಬಿಣದ ಕಂಬ, ಕಮಾನುಗಳು ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯಿಂದ ಹಡಗಿನಲ್ಲಿ ಬಂದವು. ಹತ್ತಿರ ಹೋಗಿ ಕಂಬದ ಮೇಲೆ ಕೈಯಾಡಿಸಿದೆ. ಬಣ್ಣದ ಪದರಗಳ ಕೆಳಗೆ ಎರಕದ ಹೂಬಳ್ಳಿ ಇನ್ನೂ ಬೆರಳಿಗೆ ತಾಕುತ್ತದೆ. ಕಂಬದ ನೆತ್ತಿಯಿಂದ ಚಿಮ್ಮಿದ ಕಮಾನುಗಳು ಬೆಳಕನ್ನು ಹೊತ್ತು ನಿಂತಿವೆ. ಗೋಡೆ ಎಂಬುದೇ ಇಲ್ಲ.

ಇದರ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರ ಮಹಾ ಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಕಟ್ಟಿಸಿದ ಗಾಜಿನ ಅರಮನೆ. ಕೈಗಾರಿಕೆಯ ಉತ್ತುಂಗದಲ್ಲಿದ್ದ ಬ್ರಿಟನ್ ತನ್ನ ಯಂತ್ರಗಳನ್ನು ಜಗತ್ತಿಗೆ ತೋರಿಸಿದ್ದು ಅಲ್ಲೇ. ಕೆಲವು ದಿನ ಟಿಕೆಟ್ ದರವನ್ನು ಒಂದು ಶಿಲ್ಲಿಂಗಿಗೆ ಇಳಿಸಿದಾಗ ಗಿರಣಿ ಕಾರ್ಮಿಕರು ರೈಲು ಹಿಡಿದು ಬಂದರು. ಅರುವತ್ತು ಲಕ್ಷ ಮಂದಿ ಆ ಪ್ರದರ್ಶನ ನೋಡಿದರು. ದೊರೆಯೂ ದುಡಿಯುವವನೂ ಒಂದೇ ಸೂರಿನಡಿ ನಡೆದಾಡಿದ್ದು ಅಲ್ಲಿನ ವರ್ಗಭೇದದ ಸಮಾಜಕ್ಕೆ ಸಣ್ಣ ಸಂಗತಿಯಲ್ಲ. ಆ ಗಾಜಿನ ಅರಮನೆ ಮುಂದೆ ಬೇರೆ ಜಾಗಕ್ಕೆ ಸ್ಥಳಾಂತರವಾಗಿ, 1936ರಲ್ಲಿ ಸುಟ್ಟುಹೋಯಿತು. ಸುಟ್ಟ ದಿನವೂ ನವೆಂಬರ್ 30. ತಾಯಿ ಕಟ್ಟಡ ಇಲ್ಲವಾಯಿತು, ಮಗುವಿನಂತಿರುವ ನಮ್ಮ ಗಾಜಿನಮನೆ ಉಳಿಯಿತು. ರಾಜಕುಮಾರ ಅಡಿಗಲ್ಲು ಇಟ್ಟ ಇದೇ ಸೂರಿನಡಿ ಈಗ ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಬಂದ ಕುಟುಂಬಗಳು ಹೂವಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತವೆ.

ನಾಲ್ಕು ಸಿಂಹ, ಕೊನೆಯ ಗವರ್ನರ್ ಜನರಲ್

ಲಾಲ್‌ಬಾಗ್‌ನ ದಕ್ಷಿಣದಂಚು ದಾಟಿದರೆ ಜಯನಗರದ ಅಶೋಕ ಕಂಬ. ಸುತ್ತ ಆಟೊ, ಬಸ್ಸು, ಸ್ಕೂಟರುಗಳ ಸುಳಿ. ನಡುವೆ ಸಾರನಾಥದ ಸಿಂಹಗಳನ್ನು ಹೊತ್ತ ಕಂಬ. ಜಯನಗರ ಬಡಾವಣೆ ಹುಟ್ಟಿದ ನೆನಪಿಗೆ ಇದು ನಿಂತಿದೆ. 1948ರಲ್ಲಿ ಬಡಾವಣೆಗೆ ಅಸ್ತಿವಾರ ಹಾಕಿದವರು ಸಿ. ರಾಜಗೋಪಾಲಾಚಾರಿ, ಆಗಿನ ಗವರ್ನರ್ ಜನರಲ್.

ಈ ಒಂದು ಸಂಗತಿಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೇನೆ. 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು. ಆದರೂ 1950ರ ಜನವರಿ 26ರ ತನಕ ಭಾರತದ ರಾಜನಾಗಿ ಆರನೇ ಜಾರ್ಜ್ ದೊರೆಯ ಹೆಸರೇ ಇತ್ತು. 1948ರ ಜೂನ್ 21ರಂದು ಮೌಂಟ್‌ಬ್ಯಾಟನ್ನರಿಂದ ರಾಜಾಜಿ ಅಧಿಕಾರ ವಹಿಸಿಕೊಂಡರು. ಮರುದಿನವೇ ದೊರೆ ತನ್ನ ಬಿರುದಾವಳಿಯಿಂದ ಭಾರತದ ಚಕ್ರವರ್ತಿ ಎಂಬುದನ್ನು ಕೈಬಿಟ್ಟ. ಹಾಗಾಗಿ ಜಯನಗರಕ್ಕೆ ಕಲ್ಲಿಟ್ಟ ಆ ಕೈ, ಲೆಕ್ಕಕ್ಕೆ, ಬ್ರಿಟಿಷ್ ದೊರೆಯ ಪ್ರತಿನಿಧಿಯ ಕೈ. ಮನಸ್ಸಿನಲ್ಲಾದರೋ ಜೈಲು ಕಂಡು ಬಂದ ಸ್ವಾತಂತ್ರ್ಯ ಹೋರಾಟಗಾರನ ಕೈ. ಆ ಹುದ್ದೆಗೆ ಏರಿದ ಏಕೈಕ ಭಾರತೀಯ ಅವರು. ಅವರೊಂದಿಗೆ ಹುದ್ದೆಯೇ ಮುಗಿಯಿತು.

ದೊರೆ ಇದ್ದೂ ದೊರೆತನ ಇಲ್ಲದ ಈ ಏರ್ಪಾಡು ಬ್ರಿಟನ್ನಿನ ವಿಶೇಷ. ಅಲ್ಲಿ ಸಂವಿಧಾನ ಎಂಬ ಒಂದೇ ಗ್ರಂಥವಿಲ್ಲ. ತಲೆಮಾರಿಗೊಂದು ಅಂಕಣ ಸೇರಿಸುತ್ತ ಹೋದ ಹಳೆಯ ತೊಟ್ಟಿಮನೆಯ ಹಾಗೆ ಅದು ಬೆಳೆದಿದೆ. 1215ರಲ್ಲಿ ಬಂಡೆದ್ದ ಸರದಾರರು ಜಾನ್ ದೊರೆಯಿಂದ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಹಾಕಿಸಿದರು; ದೊರೆಯೂ ಕಾನೂನಿಗೆ ಒಳಪಟ್ಟವನು ಎಂಬ ಮಾತು ಅಲ್ಲಿಂದ ಮೊಳೆಯಿತು. ಪಾರ್ಲಿಮೆಂಟಿನೊಂದಿಗೆ ಯುದ್ಧಕ್ಕೇ ನಿಂತ ಒಂದನೇ ಚಾರ್ಲ್ಸ್ ದೊರೆಯನ್ನು 1649ರ ಜನವರಿ 30ರಂದು ಲಂಡನ್ನಿನಲ್ಲಿ ಶಿರಚ್ಛೇದ ಮಾಡಿದರು. ಹನ್ನೊಂದು ವರ್ಷಗಳ ಬಳಿಕ ದೊರೆತನವನ್ನು ಮರಳಿ ತಂದರು. 1689ರ ಹಕ್ಕುಗಳ ಮಸೂದೆ ಬಂದ ಮೇಲೆ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ತೆರಿಗೆಯೂ ಇಲ್ಲ, ಶಾಂತಿಕಾಲದಲ್ಲಿ ಸೈನ್ಯವೂ ಇಲ್ಲ ಎಂದಾಯಿತು. ಅಲ್ಲಿಂದಾಚೆ ದೊರೆ ಸಿಂಹಾಸನದ ಮೇಲೆ ಉಳಿದ. ಅಧಿಕಾರ ಒಂದೊಂದೇ ಮೆಟ್ಟಿಲಿಳಿದು ಸಭೆಗೆ, ಸಭೆಯಿಂದ ಮತದಾರನಿಗೆ ಬಂತು.

ಮೈಸೂರಿನಲ್ಲಿ ಇದೇ ಮೆಟ್ಟಿಲಿಳಿಯುವ ಕೆಲಸ ಒಂದು ಆಯಸ್ಸಿನೊಳಗೆ ನಡೆದುಹೋಯಿತು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ 144 ಮಂದಿ ಬಂದರು, ಬಹುಪಾಲು ಭೂಮಾಲೀಕರು, ವರ್ತಕರು. ಕೇಳಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. ತೀರ್ಮಾನದ ಹಕ್ಕಿಗಾಗಿ 1947ರಲ್ಲಿ ಮೈಸೂರು ಚಲೋ ನಡೆಯಬೇಕಾಯಿತು. ಆ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಜಯಚಾಮರಾಜ ಒಡೆಯರು ಮಹಾರಾಜರಾಗಿದ್ದವರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ರಕ್ತ ಹರಿಸಿ ಅಲ್ಲಿ ಶತಮಾನಗಳಲ್ಲಿ ಆದ ಪಲ್ಲಟವನ್ನು ನಮ್ಮ ಅಜ್ಜಂದಿರು ತಮ್ಮ ಕಣ್ಣೆದುರೇ ಕಂಡರು.

ಬ್ಲಾಕು, ಮೇನು, ಕ್ರಾಸು

ಅಶೋಕ ಕಂಬದಿಂದ ಒಳಕ್ಕೆ ನಡೆದರೆ ಜಯನಗರದ ಅಗಲ ರಸ್ತೆಗಳು, ಎರಡೂ ಬದಿಯ ಮರಗಳು ಮೇಲೆ ಕೈ ಕೂಡಿಸಿದ ನೆರಳು. ಬ್ಲಾಕು, ಮೇನು, ಕ್ರಾಸು ಎಂದು ಲೆಕ್ಕ ಹಾಕಿದಂತೆ ಹಾಸಿದ ಊರು. ಈ ಅಚ್ಚುಕಟ್ಟಿನ ಹಿಂದೆ ಕಾಯಿಲೆಯ ಕಥೆ ಇದೆ.

ಕೈಗಾರಿಕೆ ಬೆಳೆದ ಹಾಗೆ ಬ್ರಿಟನ್ನಿನ ಊರುಗಳು ಕೊಳೆತವು. ಗ್ಲಾಸ್ಗೋದಲ್ಲಿ ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಕಾರ್ಮಿಕರು ಕಿಕ್ಕಿರಿದು ಬದುಕುತ್ತಿದ್ದರು. ಸಾಂಕ್ರಾಮಿಕ ಜ್ವರಗಳು ಮನೆಮನೆ ಹೊಕ್ಕಿದ್ದವು. 1866ರಲ್ಲಿ ಆ ನಗರ ಕಾಯ್ದೆಯ ಬಲದಿಂದ ಸುಧಾರಣಾ ಟ್ರಸ್ಟ್ ಒಂದನ್ನು ಮಾಡಿ, ಹಳೆಯ ಕೇರಿಗಳನ್ನು ತೆರವು ಮಾಡಿ ಹೊಸ ರಸ್ತೆ ಹಾಕಿತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದಾಗ ಅಲ್ಲಿನವರಿಗೆ ಗ್ಲಾಸ್ಗೋದ ಮಾದರಿ ನೆನಪಾಯಿತು; 1898ರಲ್ಲಿ ಮುಂಬಯಿ ಸುಧಾರಣಾ ಟ್ರಸ್ಟ್ ಬಂತು. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ಬಂದು, ಇಕ್ಕಟ್ಟಿನ ಪೇಟೆ ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೋದರು. 1945ರಲ್ಲಿ ಬೆಂಗಳೂರಿಗೂ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. ಜಯನಗರವನ್ನು ಕಟ್ಟಿದ್ದು ಅದೇ ಮಂಡಳಿ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು.

ಗಾಜಿನಮನೆಯ ಕಬ್ಬಿಣವೂ ಗ್ಲಾಸ್ಗೋದ್ದು, ಈ ನೆರಳಿನ ರಸ್ತೆಗಳ ಹಿಂದಿನ ಆಲೋಚನೆಯೂ ಗ್ಲಾಸ್ಗೋದ್ದು. ಅಲ್ಲಿನ ಬಡವರು ಉಸಿರಾಡಲು ಪಟ್ಟ ಕಷ್ಟದಿಂದ ಹುಟ್ಟಿದ ಕಾಯ್ದೆಯ ಫಲವನ್ನು ಇಲ್ಲಿ ನಾಲ್ಕನೇ ಬ್ಲಾಕಿನ ಮರದಡಿ ಕೂತು ಉಣ್ಣುತ್ತಿದ್ದೇವೆ.

ಹದಿನಾರು ಮತ

ನಾಲ್ಕನೇ ಟಿ ಬ್ಲಾಕಿನ ಎಸ್‌ಎಸ್‌ಎಂಆರ್‌ವಿ ಕಾಲೇಜು ಹೊರಗಿನಿಂದ ಎಲ್ಲ ಕಾಲೇಜುಗಳ ಹಾಗೇ ಇದೆ. 2023ರ ಮೇ 13ರಂದು ಇಲ್ಲಿ ಜಯನಗರ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ನಡೆಯಿತು. ಮರು ಎಣಿಕೆ ಆಗಿ, ರಾತ್ರಿ ಬಹಳ ಹೊತ್ತಾದ ಮೇಲೆ ಫಲಿತಾಂಶ ಬಂತು. ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರಿಗೆ 57,797. ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರಿಗೆ 57,781. ಅಂತರ 16.

ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬರಲೇಬೇಕೆಂದಿಲ್ಲ ಎಂಬ ಈ ಪದ್ಧತಿ ನೇರವಾಗಿ ವೆಸ್ಟ್‌ಮಿನ್‌ಸ್ಟರಿನಿಂದ ಬಂದದ್ದು. ಅಲ್ಲೂ 1997ರಲ್ಲಿ ವಿಂಚೆಸ್ಟರ್, 2017ರಲ್ಲಿ ಈಶಾನ್ಯ ಫೈಫ್ ಕ್ಷೇತ್ರಗಳ ಫಲಿತಾಂಶ ಎರಡೇ ಮತಗಳಲ್ಲಿ ತೀರ್ಮಾನವಾಯಿತು. ನಮ್ಮ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ.

ಪದ್ಧತಿ ಒಂದೇ ಆದರೂ ಮತಗಟ್ಟೆಗೆ ಬಂದ ದಾರಿ ಬೇರೆ. ಬ್ರಿಟನ್ನಿನಲ್ಲಿ 1832ರ ಸುಧಾರಣಾ ಕಾಯ್ದೆಯ ನಂತರವೂ ಆಸ್ತಿವಂತ ಗಂಡಸರಿಗಷ್ಟೇ ಮತ. ಕಾರ್ಮಿಕರಿಗೆ 1867, 1884ರಲ್ಲಿ ಕಂತುಕಂತಾಗಿ ಸಿಕ್ಕಿತು. 1918ರಲ್ಲಿ 30 ದಾಟಿದ, ಆಸ್ತಿಯ ಷರತ್ತಿಗೆ ಒಳಪಟ್ಟ ಹೆಂಗಸರಿಗೆ. ಗಂಡಸರ ಸಮ ಸಮಕ್ಕೆ 1928ರಲ್ಲಿ. ಒಂದು ಶತಮಾನದ ಹಿಡಿದೆಳೆದಾಟ. ನಮ್ಮ ಸಂವಿಧಾನ ಓದು, ಆಸ್ತಿ, ಜಾತಿ, ಲಿಂಗ ಏನನ್ನೂ ಕೇಳದೆ ವಯಸ್ಕರೆಲ್ಲರಿಗೂ ಒಂದೇ ಏಟಿಗೆ ಮತ ಕೊಟ್ಟಿತು. ಎಂಜಿನಿಯರು, ಹೂವು ಕಟ್ಟುವವಳು, ಮನೆಗೆಲಸದಾಕೆ, ನಿವೃತ್ತ ನ್ಯಾಯಾಧೀಶ ಒಂದೇ ಸಾಲಿನಲ್ಲಿ ನಿಂತು ಒತ್ತಿದ ಗುಂಡಿಗಳಲ್ಲಿ ಆ ಹದಿನಾರು ಇದ್ದವು.

ಐದನೇ ಬ್ಲಾಕಿಗೆ ಬಂದ ಪ್ರಧಾನಿ

ಐದನೇ ಬ್ಲಾಕಿನ ರಾಘವೇಂದ್ರ ಸ್ವಾಮಿಗಳ ಮಠಕ್ಕೆ 2024ರ ನವೆಂಬರ್‌ನಲ್ಲಿ, ಕಾರ್ತಿಕ ಮಾಸದಲ್ಲಿ, ರಿಷಿ ಸುನಕ್ ಬಂದಿದ್ದರು. ಜೊತೆಗೆ ಪತ್ನಿ ಅಕ್ಷತಾ, ಅತ್ತೆ ಮಾವಂದಿರಾದ ಸುಧಾಮೂರ್ತಿ ಮತ್ತು ನಾರಾಯಣಮೂರ್ತಿ. ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಜಯನಗರದ ಅಳಿಯನಾಗಿ ರಾಯರ ಮುಂದೆ ಕೈಮುಗಿದು ನಿಂತರು.

2022ರ ಅಕ್ಟೋಬರ್ 25ರಂದು ಮೂರನೇ ಚಾರ್ಲ್ಸ್ ದೊರೆ ಸುನಕ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಆ ದೊರೆ ನೇಮಿಸಿದ ಮೊದಲ ಪ್ರಧಾನಿ ಅವರೇ. ಪ್ರಧಾನಿ ಎಂಬ ಹುದ್ದೆಯನ್ನು ಅಲ್ಲಿ ಯಾರೂ ಕಾಯ್ದೆ ಮಾಡಿ ಹುಟ್ಟಿಸಲಿಲ್ಲ. 1721ರಿಂದ ರಾಬರ್ಟ್ ವಾಲ್‌ಪೋಲ್ ಖಜಾನೆ ನೋಡಿಕೊಳ್ಳುತ್ತ ಮಂತ್ರಿಗಳ ಮುಂದಾಳಾದ, ರೂಢಿಯೇ ಹುದ್ದೆಯಾಯಿತು. ಕೆಳಮನೆಯ ಬಹುಮತ ಇರುವ ತನಕ ಪ್ರಧಾನಿ. 2024ರ ಜುಲೈ 4ರ ಚುನಾವಣೆಯಲ್ಲಿ ಸೋತ ಸುನಕ್ ಮರುದಿನ ದೊರೆಯ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು, ಕೀರ್ ಸ್ಟಾರ್ಮರ್ ಬಂದರು. ಒಂದೇ ಹಗಲಿನಲ್ಲಿ ಸರ್ಕಾರ ಕೈ ಬದಲಾಯಿತು.

ಅದೇ ವರ್ಷದ ಮಾರ್ಚ್ 14ರಂದು ಸುಧಾಮೂರ್ತಿ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿ ಪ್ರಮಾಣ ಸ್ವೀಕರಿಸಿದ್ದರು. ಆಗ ಅತ್ತೆ ದೆಹಲಿಯ ಮೇಲ್ಮನೆಯಲ್ಲಿ, ಅಳಿಯ ಲಂಡನ್ನಿನ ಕೆಳಮನೆಯ ಮುಂದಾಳು. ಎರಡು ದೇಶಗಳ ಎರಡು ಸದನಗಳ ನಡುವಿನ ವ್ಯತ್ಯಾಸವನ್ನು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಂದೆಯ ಪೀಠ ಮಗನಿಗೆ ಬರುತ್ತಿತ್ತು. 1999ರ ಕಾಯ್ದೆ ಅಂಥ ವಂಶಪಾರಂಪರ್ಯದ ಸದಸ್ಯರಲ್ಲಿ 92 ಮಂದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಹೊರಗಿಟ್ಟಿತು. ನಮ್ಮ ರಾಜ್ಯಸಭೆಗೆ ಸದಸ್ಯರನ್ನು ರಾಜ್ಯಗಳ ಶಾಸಕರು ಆರಿಸುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಿಂದ 12 ಮಂದಿಯನ್ನು ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುತ್ತಾರೆ. ಎರಡು ಮನೆಯ ವಿನ್ಯಾಸವನ್ನು ತಂದುಕೊಂಡೆವು, ಹುಟ್ಟಿನ ಹಕ್ಕನ್ನು ತರಲಿಲ್ಲ.

ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟ್ ಇರುವ ದಡಕ್ಕೆ ಎದುರು ದಡದಲ್ಲಿ, ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಅದು 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಮ್ಯಾಗ್ನಾ ಕಾರ್ಟಾ ಸರದಾರರ ಹಕ್ಕುಗಳ ಪತ್ರ. ಅದಕ್ಕೂ ಮುಂಚಿನ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಅಂಬಿಗ, ಮಡಿವಾಳ, ಸಮಗಾರರೂ ಮಾತಾಡಿದ್ದರು. ಜಯನಗರದ ಮಠದಿಂದ ಹೊರಬರುವಾಗ ನನಗೆ ಆ ಎದುರು ದಡ ನೆನಪಾಯಿತು.

ಜೆ.ಪಿ. ನಗರದ ಹೆಸರಿನಲ್ಲಿ

ಹಸಿರು ಮಾರ್ಗದ ನಿಲ್ದಾಣದ ಫಲಕದ ಮೇಲೆ ಜಯಪ್ರಕಾಶ ನಗರ ಎಂದು ಪೂರ್ತಿ ಹೆಸರಿದೆ. ದಿನನಿತ್ಯದ ಮಾತಿನಲ್ಲಿ ಜೆ.ಪಿ. ಎಂದಷ್ಟೇ ಅನ್ನುವಾಗ ಜಯಪ್ರಕಾಶ ನಾರಾಯಣರನ್ನು ಮರೆತೇಬಿಡುತ್ತೇವೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಮೊದಲು ಬಂಧನಕ್ಕೊಳಗಾದವರಲ್ಲಿ ಅವರೂ ಒಬ್ಬರು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮರುದಿನ ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. 'ಸಂಸ್ಕಾರ' ಸಿನಿಮಾದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಜೈಲಿನಲ್ಲಿದ್ದ ಸಂಸದರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು, ಯಾವ ಕಾನೂನಿನಡಿ ಹಿಡಿದಿದ್ದೀರಿ ಎಂದು ಹೇಳಿ ಎಂಬ ಆದೇಶ ಅದು. ಇಂಗ್ಲೆಂಡಿನ ಹಳೆಯ ರೂಢಿ; ಎರಡನೇ ಚಾರ್ಲ್ಸ್ ದೊರೆಯ ಕಾಲದಲ್ಲಿ, 1679ರಲ್ಲಿ, ಪಾರ್ಲಿಮೆಂಟು ಅದಕ್ಕೆ ಕಾಯ್ದೆಯ ಬಲ ಕೊಟ್ಟಿತು. 1976ರ ಏಪ್ರಿಲ್ 28ರಂದು ನಮ್ಮ ಸುಪ್ರೀಂ ಕೋರ್ಟು ತುರ್ತು ಪರಿಸ್ಥಿತಿಯಲ್ಲಿ ಆ ಬಾಗಿಲು ಮುಚ್ಚಿದೆ ಎಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು 2017ರಲ್ಲಿ ಸುಪ್ರೀಂ ಕೋರ್ಟೇ ತಪ್ಪೆಂದು ಬದಿಗಿಟ್ಟಿತು. ಹಾಗೆ ಬದಿಗಿಟ್ಟ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇದಕ್ಕೆ ಮುಂಚಿನ ಕಥೆ ಕಾಸರಗೋಡಿನದು. ಬ್ರಿಟನ್ನಿನಲ್ಲಿ ಪಾರ್ಲಿಮೆಂಟೇ ಸರ್ವೋಚ್ಚ; ಅದು ಮಾಡಿದ ಕಾಯ್ದೆಯನ್ನು ಯಾವ ನ್ಯಾಯಾಲಯವೂ ರದ್ದು ಮಾಡುವಂತಿಲ್ಲ. ಭಾರತದ ಸಂಸತ್ತಿಗೂ ಅದೇ ಬಲ ಇದೆಯೇ ಎಂಬ ಪ್ರಶ್ನೆ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 13 ನ್ಯಾಯಮೂರ್ತಿಗಳು ಕೂತು ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ, ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಪಾಯಿತು. ಯಕ್ಷಗಾನ ಪ್ರೇಮಿಯಾಗಿದ್ದ ಕನ್ನಡದ ಸ್ವಾಮೀಜಿಯೊಬ್ಬರ ಹೆಸರು ಲಂಡನ್ನಿನ ಕಾನೂನು ಶಾಲೆಗಳಲ್ಲೂ ಪಾಠವಾಯಿತು.

ಆ ಏಳು ಮಂದಿಯಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಅವರೂ ಸೇರಿ ಮೂವರ ಹಿರಿತನವನ್ನು ಮೀರಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಹೆಗ್ಡೆ ರಾಜೀನಾಮೆ ಕೊಟ್ಟು ಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಅವರನ್ನು ಲೋಕಸಭೆಗೆ ಕಳಿಸಿದರು. ಆ ಸದನ ಅವರನ್ನು ಸ್ಪೀಕರ್ ಮಾಡಿತು. 1642ರಲ್ಲಿ ಐವರು ಸದಸ್ಯರನ್ನು ಹಿಡಿಯಲು ಒಂದನೇ ಚಾರ್ಲ್ಸ್ ಸೈನಿಕರೊಂದಿಗೆ ಕೆಳಮನೆಗೆ ನುಗ್ಗಿದಾಗ, ಮಂಡಿಯೂರಿಯೇ ಅವರ ಸುಳಿವು ಕೊಡಲು ಒಪ್ಪದ ಸ್ಪೀಕರ್ ವಿಲಿಯಂ ಲೆಂಥಾಲ್. ಆ ಪೀಠದ ಪರಂಪರೆ ದೆಹಲಿಯಲ್ಲಿ, ಈ ಬಡಾವಣೆಗಳ ಜನ ಆರಿಸಿದ ಒಬ್ಬ ನಿಷ್ಠುರ ನ್ಯಾಯಾಧೀಶನ ಕೈಗೆ ಬಂತು. ಈ ಯಾತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ಸಂಗತಿ ಇದೇ.

ಬನಶಂಕರಿಯಿಂದ ಪದ್ಮನಾಭನಗರಕ್ಕೆ

ಮಂಗಳವಾರ ರಾಹುಕಾಲದ ಹೊತ್ತು ಬನಶಂಕರಿ ಅಮ್ಮನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಂಬೆಹಣ್ಣಿನ ಹೋಳನ್ನು ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ, ಬತ್ತಿ ಇಟ್ಟು ಹೆಂಗಸರು ದೀಪ ಹಚ್ಚುತ್ತಾರೆ. ಎಣ್ಣೆ, ನಿಂಬೆ, ಹೊಗೆ ಕೂಡಿದ ಆ ಗಂಧ ರಸ್ತೆಯ ತನಕ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಪದ್ಮನಾಭನಗರ, ಎಚ್.ಡಿ. ದೇವೇಗೌಡರ ಮನೆ ಇರುವ ಬಡಾವಣೆ.

1996ರ ಜೂನ್ 1ರಂದು ಪ್ರಧಾನಿಯಾದಾಗ ದೇವೇಗೌಡರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಆಮೇಲೆ ರಾಜ್ಯಸಭೆಗೆ ಆರಿಸಿಬಂದರು. ಬ್ರಿಟನ್ನಿನಲ್ಲೂ 1963ರಲ್ಲಿ ಅಲೆಕ್ ಡಗ್ಲಸ್-ಹೋಮ್ ಲಾರ್ಡ್ ಪದವಿ ಬಿಟ್ಟುಕೊಟ್ಟು ಉಪಚುನಾವಣೆ ಗೆಲ್ಲುವ ತನಕ ಸುಮಾರು ಎರಡು ವಾರ ಯಾವ ಸದನಕ್ಕೂ ಸೇರದ ಪ್ರಧಾನಿಯಾಗಿದ್ದರು. ದೇವೇಗೌಡರು 1997ರ ಏಪ್ರಿಲ್ 11ರಂದು ವಿಶ್ವಾಸಮತ ಸೋತು ಇಳಿದರು. 1979ರಲ್ಲಿ ಬ್ರಿಟನ್ನಿನ ಪ್ರಧಾನಿ ಜೇಮ್ಸ್ ಕ್ಯಾಲಹನ್ ಕೂಡ ಸದನದ ವಿಶ್ವಾಸ ಕಳೆದುಕೊಂಡರು, ಒಂದೇ ಮತದಿಂದ. 1999ರಲ್ಲಿ ವಾಜಪೇಯಿ ಸರ್ಕಾರವೂ ಒಂದೇ ಮತದಿಂದ ಬಿತ್ತು. ಎಷ್ಟು ದೊಡ್ಡವರಾದರೂ ಸದನ ಬೇಡ ಎಂದರೆ ಎದ್ದು ನಡೆಯಬೇಕು. ಬ್ರಿಟನ್ನಿನಿಂದ ನಾವು ಕಲಿತದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ನಡತೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಬ್ರಿಟಿಷರು ಈ ರಾಜ್ಯಪದ್ಧತಿಯನ್ನು ನಮಗೆ ದಾನವಾಗಿ ಕೊಡಲಿಲ್ಲ. ತಮ್ಮ ದೇಶದಲ್ಲಿ ಸ್ವಂತಕ್ಕೆ ಬೇಡಿದ ಹಕ್ಕುಗಳನ್ನು ಇಲ್ಲಿ ಅವರೇ ತಡೆಹಿಡಿದಿದ್ದರು. ಅದನ್ನು ಪಡೆದವರು, ತಿದ್ದಿದವರು, ಕೆಲವೆಡೆ ಅವರಿಗಿಂತ ಗಟ್ಟಿ ಮಾಡಿದವರು ನಮ್ಮ ಹಿರಿಯರು.

ಆದರೆ ಅಧಿಕಾರದ ಕೆಳಗಿನ ಮೆಟ್ಟಿಲೊಂದು ಬಹಳ ಕಾಲ ಖಾಲಿ ಉಳಿಯಿತು. ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ, ಪೇಟೆಗೊಂದು, ದಂಡಿಗೊಂದು. ಎರಡೂ ಒಂದಾಗಿ ಮಹಾನಗರ ಪಾಲಿಕೆಯಾದದ್ದು 1949ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ಹಂಚುವಾಗಲೂ ವಾರ್ಡಿಗೆ ನಾವು ಆರಿಸಿದ ಸದಸ್ಯರು ಇರಲಿಲ್ಲ. ಪ್ರಧಾನಿಯನ್ನು ಪ್ರಶ್ನಿಸಬಲ್ಲ ಊರು ತನ್ನ ಬೀದಿಯ ಚರಂಡಿಯ ಬಗ್ಗೆ ಕೇಳಲು ಚುನಾಯಿತ ಸದಸ್ಯನಿಲ್ಲದೆ ಐದು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ದಕ್ಷಿಣ ಬೆಂಗಳೂರಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ, ವಾರ್ಡಿನ ಚುನಾವಣೆಯ ದಿನ ತಪ್ಪದೆ ಹೋಗಿ ಮತ ಹಾಕಿ, ಆರಿಸಿದವರನ್ನು ಕೇಳುತ್ತಲೇ ಇರಿ. ಜಯನಗರದಲ್ಲಿ ಹದಿನಾರು ಮತ ಒಂದು ಕ್ಷೇತ್ರದ ಫಲಿತಾಂಶವನ್ನೇ ತೀರ್ಮಾನಿಸಿದೆ.